ಕ್ಯಾತೇದೇವರ ಗುಡಿಯಿಂದ ಕೆ. ಗುಡಿಗೆ: ಪರಿಸರ ಪ್ರವಾಸೋದ್ಯಮವನ್ನು ಕುರಿತು ಕೆಲವು ಮಾತುಗಳು

ಭಾರತೀಯ ಕಾವ್ಯಮೀಮಾಂಸೆಯಲ್ಲಿ ‘ಪ್ರವಾಸ’ವೆಂಬುದು ವಿಪ್ರಲಂಭ ಶೃಂಗಾರದ ಒಂದು ಪ್ರಭೇದ. ನಲ್ಲನು ದೂರದೇಶಕ್ಕೆ ಹೋದಾಗ ಮನೆಯಲ್ಲಿ ಉಳಿದವಳ ಅಗಲಿಕೆಯ ದುಃಖವನ್ನು ಅದು ಸೂಚಿಸುತ್ತಿತ್ತು. ಇಂದು ಆ ಪದಕ್ಕೆ ‘ಉದ್ಯಮ’ವನ್ನು ಸಂಧಿ ಮಾಡಿ, ಅದರ ಹಿಂದೆ ‘ಪರಿಸರ’ವನ್ನೂ ಸೇರಿಸಿ ‘ಪರಿಸರ ಪ್ರವಾಸೋದ್ಯಮ’ ಎಂಬ ಉದ್ದನೆಯ ಸಮಾಸವನ್ನು ಬಳಸುತ್ತಿದ್ದೇವೆ. ಜಾತ್ರೆಗೆ ಹೋಗುವುದು, ಯಾತ್ರೆಗೆ ಹೋಗುವುದು, ನೆಂಟರ ಮನೆಗೆ ಹೋಗುವುದು, ಬೇಟೆಗೆ ಹೋಗುವುದು ಎಂಬ ಬೇರೆ ಬೇರೆ ಹೋಗುವಿಕೆಗಳು ಕನ್ನಡದಲ್ಲಿದ್ದವು. ಕಾಡನ್ನು ಕೇವಲ ನೋಡಿಬರಲು ಹಣ ಕೊಟ್ಟು ಹೋಗುವ ಕ್ರಿಯೆಗೆ ನಮ್ಮಲ್ಲಿ ಸ್ವಂತದ ಪದವಿರಲಿಲ್ಲ. ಆ ಕ್ರಿಯೆಯೇ ಹೊಸದಾದ್ದರಿಂದ ಇದು ಸಹಜವೇ ಆಗಿದೆ.

ವಿಶ್ವಸಂಸ್ಥೆ 2002ನೆಯ ಇಸವಿಯನ್ನು ಪರಿಸರ ಪ್ರವಾಸೋದ್ಯಮದ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿತು. ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಅದಕ್ಕೂ ಎರಡು ದಶಕ ಮೊದಲೇ, 1980ರಲ್ಲಿ, ಹುಟ್ಟಿತ್ತು. ಈ ಕಲ್ಪನೆಗೆ ಸಾಮಾನ್ಯವಾಗಿ ಮೂರು ಅಂಶಗಳನ್ನು ಹೇಳಲಾಗುತ್ತದೆ: ನಿಸರ್ಗಕ್ಕೆ ಹಾನಿಯಾಗಬಾರದು, ಸ್ಥಳೀಯರ ಬದುಕು ಹಸನಾಗಬೇಕು, ಬಂದವರಿಗೆ ತಿಳಿವಳಿಕೆ ಬೆಳೆಯಬೇಕು. ಈ ಮೂರರಲ್ಲಿ ಮೊದಲಿನದನ್ನು ಪರಿಸರ ವಿಜ್ಞಾನಿಗಳೂ ಎರಡನೆಯದನ್ನು ಅರ್ಥಶಾಸ್ತ್ರಜ್ಞರೂ ಚರ್ಚಿಸುತ್ತಿದ್ದಾರೆ. ಮೂರನೆಯದು ಭಾಷೆಗೆ, ಕಥನಕ್ಕೆ, ಹೆಸರುಗಳಿಗೆ ಸಂಬಂಧಿಸಿದ್ದು. ಅದು ನಮ್ಮ ಶಿಸ್ತಿನ ವ್ಯಾಪ್ತಿಗೆ ಬರುತ್ತದೆ. ಆದರೆ ಕನ್ನಡ ವಿಭಾಗಗಳು ಅದರ ಬಗ್ಗೆ ಮೌನವಾಗಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮೌಖಿಕ ಪರಂಪರೆ ಹಾಗೂ ಸ್ಥಳನಾಮಗಳನ್ನು ಕುರಿತು ಸಂಶೋಧನೆ ನಡೆಸುತ್ತಿರುವ ನನಗೆ ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಈ ಮೌನ ಕಾಡಿದೆ. ಪ್ರಸ್ತುತ ಬರೆಹಕ್ಕೆ ಅದೇ ಪ್ರೇರಣೆ.

ಬೆಟ್ಟದಲ್ಲಿ ‘ಕೆ. ಗುಡಿ’ ಎಂಬ ಸ್ಥಳವಿದೆ. ಮೈಸೂರು ಅರಸರ ಬೇಟೆಯ ಬಿಡಾರವಾಗಿದ್ದ ಅಲ್ಲಿ ಈಗ ಪ್ರವಾಸಿಗರ ಶಿಬಿರವಿದೆ. ನಾನು ಮೊದಲ ಬಾರಿ ಆ ಹೆಸರನ್ನು ಕಂಡದ್ದು ಪದವಿ ತರಗತಿಯ ಶೈಕ್ಷಣಿಕ ಪ್ರವಾಸದಲ್ಲಿ, ಬಸ್ಸಿನ ಕಿಟಕಿಯಿಂದ. ‘ಕೆ’ ಎಂದರೇನೆಂದು ನಾವು ಯಾರೂ ಕೇಳಲಿಲ್ಲ. ಜೊತೆಗಿದ್ದ ಅಧ್ಯಾಪಕರೂ ಹೇಳಲಿಲ್ಲ. ಅದು ಕ್ಯಾತೇದೇವರ ಗುಡಿ. ಕ್ಯಾತೇದೇವರು ಸೋಲಿಗರ ದೈವ. ಅಂಚೆ ವಿಳಾಸದ ಅನುಕೂಲಕ್ಕೋ ಫಲಕದ ಅಳತೆಗೋ ಒಂದು ದೈವ ಒಂದು ಅಕ್ಷರವಾಯಿತು. ಇದನ್ನು ಯಾರದೋ ದುರುದ್ದೇಶವೆಂದು ನಾನು ಹೇಳುತ್ತಿಲ್ಲ. ಕನ್ನಡಿಗರು ತಮ್ಮ ಊರುಗಳನ್ನೂ ತಮ್ಮ ಕವಿಗಳನ್ನೂ ಹೀಗೆ ಮೊದಲಕ್ಷರಗಳಿಗೆ ಇಳಿಸಿಕೊಂಡವರೇ. ಆದರೆ ಕುವೆಂಪು ಎಂದಾಗ ಪೂರ್ಣರೂಪ ನಮ್ಮೆಲ್ಲರ ನೆನಪಿನಲ್ಲಿರುತ್ತದೆ, ಕೆ. ಗುಡಿ ಎಂದಾಗ ಬಂದವರ ನೆನಪಿನಲ್ಲಿ ಏನೂ ಇರುವುದಿಲ್ಲ. ಅಲ್ಲಿಂದ ಹಿಂತಿರುಗುವವರು ಕಾಟಿ, ಕಡವೆ, ಆನೆಗಳ ಚಿತ್ರಗಳನ್ನು ತರುತ್ತಾರೆ. ತಾವು ಒಂದು ದೇವರ ಅಂಗಳದಲ್ಲಿ ಮಲಗೆದ್ದು ಬಂದೆವೆಂಬುದು ಅವರಿಗೆ ತಿಳಿಯುವುದಿಲ್ಲ.

ಸೋಲಿಗರಿಗೆ ಕಾಡು ಒಂದು ಅಖಂಡ ಹಸಿರು ರಾಶಿಯಲ್ಲ. ಒಂದೊಂದು ಕುಲಕ್ಕೂ ತನ್ನ ‘ಯೆಲ್ಲೆ’ ಇದೆ. ಆ ಯೆಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ನೆಲೆಗಳಿವೆ. ಕಲ್ಲುಗುಡಿ ಸತ್ತವರನ್ನು ನೆನೆಯುವ ಜಾಗ. ಅಬ್ಬಿ ನೀರಿನ ನೆಲೆ. ಬೆಟ್ಟದ ಮೇಲಿನ ಬಿಳಿಗಿರಿರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನಾದ್ದರಿಂದ ಅವರಿಗೆ ಅವನು ‘ಭಾವ’. ದೇವಾಲಯದ ವೈಷ್ಣವ ಪರಂಪರೆಗೂ ಈ ನೆಂಟಸ್ತನಕ್ಕೂ ನಡುವಿನ ಸಂಬಂಧವನ್ನು ಕುರಿತು ನಮ್ಮ ಜಾನಪದ ವಿದ್ವಾಂಸರು ಬರೆದಿದ್ದಾರೆ. ಪಕ್ಕದ ಮಲೆಯಲ್ಲಿ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲು ಸೋಲಿಗರ ನೀಲೇಗೌಡನನ್ನೂ ಅವನ ಜೇನುಮಲೆಯ ಪಯಣವನ್ನೂ ಒಳಗೊಂಡಿದೆ. ಹೀಗೆ ಈ ಕಾಡು ನೆಂಟಸ್ತನಗಳಿಂದ, ಜಗಳಗಳಿಂದ, ಹರಕೆಗಳಿಂದ ತುಂಬಿರುವ ಕಾಡು. ಪ್ರವಾಸೋದ್ಯಮದ ಕರಪತ್ರಗಳಲ್ಲಿ ಮಾತ್ರ ಅದು ಮನುಷ್ಯರ ಸ್ಪರ್ಶವಿಲ್ಲದ, ಆದಿಮವಾದ, ಕನ್ಯೆಯಂತಹ ಕಾಡು. ‘ಕನ್ಯಾರಣ್ಯ’ ಎಂಬ ರೂಪಕ ನಮ್ಮದಲ್ಲ. ಅದು ಎಲ್ಲಿಂದ ಬಂತೆಂಬುದನ್ನು ವಸಾಹತುಶಾಹಿ ಕಥನಗಳನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ.

ಕಾಡನ್ನು ನಿರ್ಜನವೆಂದು ಚಿತ್ರಿಸಿದರೆ ಅಲ್ಲಿದ್ದ ಜನ ಅತಿಕ್ರಮಣಕಾರರಾಗುತ್ತಾರೆ. ಬೆಟ್ಟ 1974ರಲ್ಲಿ ಅಭಯಾರಣ್ಯವಾದ ನಂತರ ಅವರ ಬೇಸಾಯ, ಬೇಟೆ, ಅಲೆದಾಟಗಳು ನಿಂತವು. ನೆಲದ ಒಣ ಎಲೆಗಳಿಗೆ ಋತುವರಿತು ಹಾಕುತ್ತಿದ್ದ ‘ತರಗು ಬೆಂಕಿ’ಯೂ ನಿಂತಿತು. ಕಾಡಿನ ಬಹುಭಾಗವನ್ನು ಇಂದು ಲಂಟಾನ ಆವರಿಸಿರುವುದಕ್ಕೆ ಆ ಬೆಂಕಿ ನಿಂತದ್ದೇ ಕಾರಣವೆಂಬುದು ಸೋಲಿಗ ಹಿರಿಯರ ದೃಢವಾದ ಅಭಿಪ್ರಾಯ. ಹಲವು ಪರಿಸರ ಸಂಶೋಧಕರೂ ಅದನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ವನ್ಯಜೀವಿ ಕಾಯಿದೆಗೆ 2002ರಲ್ಲಾದ ತಿದ್ದುಪಡಿಯ ತರುವಾಯ ಜೇನು, ನೆಲ್ಲಿ, ಪಾಸೆಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆಯಾಯಿತು. 2011ರ ಜನವರಿಯಲ್ಲಿ ಸುಮಾರು 575 ಚದರ ಕಿಲೋಮೀಟರುಗಳ ಈ ಪ್ರದೇಶವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 2006ರ ಅರಣ್ಯ ಹಕ್ಕು ಕಾಯಿದೆಯನ್ವಯ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂತಹ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು. ಅಂದರೆ ಕೆಲವು ವರ್ಷಗಳ ಕಾಲ ಪರಿಸ್ಥಿತಿ ಹೀಗಿತ್ತು: ಚೀಟಿ ಕೊಂಡ ಅಪರಿಚಿತನು ಜೀಪಿನಲ್ಲಿ ಕುಳಿತು ಹೋಗಬಹುದಾಗಿದ್ದ ಹಾದಿಯಲ್ಲಿ, ಆ ಹಾದಿಗೆ ಹೆಸರಿಟ್ಟವರು ಜೇನಿನ ಡಬ್ಬ ಹಿಡಿದು ನಡೆದರೆ ಅಪರಾಧ. ಪರಿಸರ ಪ್ರವಾಸೋದ್ಯಮದ ಅನನುಕೂಲಗಳೆಂದು ಪ್ಲಾಸ್ಟಿಕ್ಕು, ಡೀಸೆಲ್ ಹೊಗೆ, ರಾತ್ರಿಯ ದೀಪ ಮೊದಲಾದವುಗಳನ್ನು ಪಟ್ಟಿ ಮಾಡುವುದುಂಟು. ಅವು ನಿಜವೇ. ನನ್ನ ದೃಷ್ಟಿಯಲ್ಲಿ ಅವೆಲ್ಲಕ್ಕಿಂತ ದೊಡ್ಡದು ಈ ಅಸಮಾನತೆ.

ನಾಗರಹೊಳೆಯಲ್ಲಿ ಇದು ಬಹಿರಂಗ ಸಂಘರ್ಷವಾಗಿಯೇ ಕಾಣಿಸಿಕೊಂಡಿತು. ತೊಂಬತ್ತರ ದಶಕದಲ್ಲಿ ರಾಷ್ಟ್ರೀಯ ಉದ್ಯಾನದ ಒಳಗಿನ ಮೂರ್ಕಲ್ಲಿನಲ್ಲಿ ಖಾಸಗಿ ಹೋಟೆಲ್ ಸಂಸ್ಥೆಯೊಂದಕ್ಕೆ ಜಾಗವನ್ನು ಗುತ್ತಿಗೆಗೆ ಕೊಡಲಾಗಿತ್ತು. ಅದೇ ಉದ್ಯಾನದಿಂದ ಜೇನುಕುರುಬರ ಹಾಡಿಗಳನ್ನು ಹೊರಗೆ ಸಾಗಿಸುವ ಮಾತು ನಡೆಯುತ್ತಿದ್ದ ಕಾಲವದು. ಆದಿವಾಸಿಗಳು ಹೋರಾಡಿದರು, ನ್ಯಾಯಾಲಯಕ್ಕೂ ಹೋದರು. 1997ರಲ್ಲಿ ಉಚ್ಚ ನ್ಯಾಯಾಲಯ ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದಿತು. ಹೋಟೆಲು ತೆರೆಯಲಿಲ್ಲ. ಆದರೆ ಹಾಡಿಗಳ ಸ್ಥಳಾಂತರವೂ ನಿಲ್ಲಲಿಲ್ಲ. ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಪುನರ್ವಸತಿ ಕೇಂದ್ರಗಳು ಅದರ ಸಾಕ್ಷಿಯಾಗಿವೆ. 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ, ಇದು ನಮ್ಮ ಹಿರಿಯರ ನೆಲವೆಂದು ಗುಡಿಸಲು ಹಾಕಿದ್ದು ಆ ಕಥನದ ಮುಂದುವರಿಕೆಯೇ ಸರಿ. ಕಬಿನಿಯ ಕಡೆಗೆ ಬಂದರೆ ಇನ್ನೊಂದು ಪದರವಿದೆ. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ನಾವು ತರಗತಿಗಳಲ್ಲಿ ಕಾಡುಕುರುಬರ ಸ್ವಾಭಿಮಾನದ ಕೃತಿಯಾಗಿ ಬೋಧಿಸುತ್ತೇವೆ. ಆ ಕಾಕನಕೋಟೆಯ ಕಾಡಿನ ಒಂದು ಭಾಗ 1974ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿ ಆನೆಗಳು ಗುಂಪುಗೂಡುತ್ತವೆ; ಅದನ್ನು ನೋಡಲೆಂದೇ ಜನ ಬರುತ್ತಾರೆ. ಮುಳುಗಡೆಯೇ ಇಲ್ಲಿ ಪ್ರೇಕ್ಷಣೀಯವಾಗಿದೆ. ನಾಟಕವನ್ನು ಬೋಧಿಸುವ ನಾವು ಈ ಮಾತನ್ನು ವಿದ್ಯಾರ್ಥಿಗಳಿಗೆ ಹೇಳುವುದು ಕಡಿಮೆ.

ಇಷ್ಟು ಹೇಳಿದ ಮೇಲೆ ಪರಿಸರ ಪ್ರವಾಸೋದ್ಯಮವನ್ನು ಸಾರಾಸಗಟಾಗಿ ತಿರಸ್ಕರಿಸುವುದು ಸುಲಭ. ನಮ್ಮ ವಿಚಾರ ಸಂಕಿರಣಗಳಲ್ಲಿ ಅಂತಹ ತಿರಸ್ಕಾರಕ್ಕೆ ಚಪ್ಪಾಳೆಯೂ ದೊರೆಯುತ್ತದೆ. ಕ್ಷೇತ್ರಕಾರ್ಯ ನನ್ನನ್ನು ಆ ಸುಲಭದಿಂದ ತಪ್ಪಿಸಿತು. ನಾನು ಉಳಿದುಕೊಳ್ಳುತ್ತಿದ್ದ ಪೋಡಿನ ಯುವಕನೊಬ್ಬ ಸಫಾರಿ ಜೀಪಿನ ಚಾಲಕ. ಅವನ ತಂದೆ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗಿ ವರ್ಷದ ಬಹುಕಾಲ ಅಲ್ಲಿಯೇ ಇರುತ್ತಿದ್ದವರು. ಮಗ ರಾತ್ರಿ ಮನೆಗೆ ಬರುತ್ತಾನೆ. ಹಬ್ಬಕ್ಕೆ ಊರಿನಲ್ಲಿರುತ್ತಾನೆ. ಅವನ ಮಕ್ಕಳು ಅಜ್ಜಿಯಿಂದ ಸೋಲಿಗ ನುಡಿಯನ್ನು ಕಲಿಯುತ್ತಿದ್ದಾರೆ. ಭಾಷೆಯ ಅಳಿವು ಉಳಿವುಗಳನ್ನು ಕುರಿತು ನಾವು ಬರೆಯುವ ಯಾವ ಪ್ರಬಂಧಕ್ಕಿಂತಲೂ ಆ ಮನೆಯಲ್ಲಿ ಅವನ ಇರುವಿಕೆ ಹೆಚ್ಚು ಕೆಲಸ ಮಾಡುತ್ತಿದೆ. ಇದು ಪ್ರವಾಸೋದ್ಯಮದ ಕೊಡುಗೆಯೆಂದು ಒಪ್ಪದಿರುವುದು ಅಪ್ರಾಮಾಣಿಕತೆ. ನಗರದ ಮಧ್ಯಮ ವರ್ಗ ಕಾಡನ್ನು ಕಣ್ಣಾರೆ ಕಂಡಿರುವುದರಿಂದಲೇ ಗಣಿಯ ವಿರುದ್ಧ, ಹೆದ್ದಾರಿಯ ವಿರುದ್ಧ ಅಲ್ಪಸ್ವಲ್ಪವಾದರೂ ದನಿಯೆತ್ತುತ್ತಿದೆ ಎಂಬುದೂ ನಿಜ. ಇದೇ ಕಾಕನಕೋಟೆಯಲ್ಲಿ 1971ರವರೆಗೆ ಆನೆಗಳನ್ನು ಖೆಡ್ಡಾಕ್ಕೆ ಅಟ್ಟಿ ಹಿಡಿಯುವುದೇ ಅತಿಥಿಗಳಿಗೊಂದು ವಿನೋದವಾಗಿತ್ತು. ಕೋವಿ ಹಿಡಿದು ಬರುತ್ತಿದ್ದ ಅತಿಥಿ ಕ್ಯಾಮೆರಾ ಹಿಡಿದು ಬರುವಂತಾದದ್ದು ಸಣ್ಣ ಬದಲಾವಣೆಯಲ್ಲ.

ಆದರೆ ಆ ಯುವಕನ ಜೀಪಿನಲ್ಲಿ ಕುಳಿತು ನಾನು ಗಮನಿಸಿದ ಒಂದು ವ್ಯಾಕರಣದ ಸಂಗತಿಯನ್ನು ಇಲ್ಲಿ ಹೇಳಬೇಕು. ಕನ್ನಡದಲ್ಲಿ ‘ನೋಡು’ ಮತ್ತು ‘ಕಾಣು’ ಬೇರೆ ಬೇರೆ. ‘ನಾನು ಹುಲಿಯನ್ನು ನೋಡಿದೆ’ ಎಂಬಲ್ಲಿ ನಾನು ಕರ್ತೃ, ಹುಲಿ ಕರ್ಮ. ‘ನನಗೆ ಹುಲಿ ಕಂಡಿತು’ ಎಂಬಲ್ಲಿ ಕಾಣಿಸಿಕೊಳ್ಳುವ ಅಧಿಕಾರ ಹುಲಿಯದು. ನಾನು ಚತುರ್ಥಿಯಲ್ಲಿ ಸುಮ್ಮನೆ ನಿಂತಿದ್ದೇನೆ. ಪೋಡಿನಲ್ಲಿ ನಾನು ಕೇಳಿದ್ದು ಬಹುಮಟ್ಟಿಗೆ ಈ ಎರಡನೆಯ ರಚನೆ. ಆನೆ ಕಂಡಿತು, ಕರಡಿ ಎದುರಾಯಿತು, ದೇವರು ಬಂತು. ಜೀಪಿನಲ್ಲಿ ಕುಳಿತವರದು ಮೂರನೆಯ ಕ್ರಿಯಾಪದ: ‘ಹುಲಿ ತೋರಿಸಿ’. ಪ್ರೇರಣಾರ್ಥಕ ಪ್ರತ್ಯಯ ಸೇರಿದೊಡನೆ ಹುಲಿ ಸರಕಾಯಿತು, ಚಾಲಕ ಸರಬರಾಜುದಾರನಾದ. ಕಾಣದ ದಿನ ತಪ್ಪು ಅವನದು. ಅಂದು ಸಂಜೆಯ ಸುತ್ತಿನಲ್ಲಿ ಹುಲಿ ಕಾಣಲಿಲ್ಲ. ಇಳಿಯುವಾಗ ಒಬ್ಬರು ಕೊಟ್ಟ ಹಣ ದಂಡವೆಂದರು. ಕೆಲಸದ ಹೊತ್ತಿನಲ್ಲಿ ನನ್ನನ್ನು ‘ಮೇಡಂ’ ಎನ್ನುತ್ತಿದ್ದವನು ಪೋಡಿಗೆ ಬಂದ ಮೇಲೆ ಮಾತ್ರ ‘ಅಕ್ಕ’ ಎನ್ನುತ್ತಿದ್ದ. ‘ಅದು ಕಾಣ್ಬೇಕಲ್ಲಾ ಅಕ್ಕ, ನಾನೇನ್ ಕಟ್ಟಾಕಿದ್ದನಾ?’ ಎಂದು ನಕ್ಕ.

ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬಹುದು. ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣನನ್ನು ಹಿಂಬಾಲಿಸುತ್ತಾನೆ. ಮಂದಣ್ಣನ ಕಣ್ಣಿಗೆ ಬಿದ್ದಿರುವ ಹಾರುವ ಓತಿಯೇ ಇಡೀ ಪಯಣಕ್ಕೆ ಕಾರಣ. ಕೊನೆಗೆ ಓತಿ ಯಾರ ಕೈಗೂ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಆ ತಂಡದಲ್ಲಿ ಯಾರೂ ಹಣ ವಾಪಸು ಕೇಳುವುದಿಲ್ಲ. ಕಾದಂಬರಿಯ ಅರ್ಥವಂತಿಕೆ ಇರುವುದೇ ಆ ತಪ್ಪಿಹೋಗುವಿಕೆಯಲ್ಲಿ. ಇಂದಿನ ಯಾವ ಶಿಬಿರವೂ ಮಂದಣ್ಣನನ್ನು ಮಾರ್ಗದರ್ಶಿಯಾಗಿ ನೇಮಿಸಿಕೊಳ್ಳಬಹುದು. ಆದರೆ ಅವನ ಜ್ಞಾನಕ್ಕೆ ಅಲ್ಲಿ ಅರ್ಧ ದಿನದ ಪಾಳಿಯಷ್ಟೇ ಜಾಗ. ಕಾರಂತರ ‘ಬೆಟ್ಟದ ಜೀವ’ (1943) ಕುಮಾರಪರ್ವತದ ತಪ್ಪಲಿನ ಕಥನ. ದಾರಿ ತಪ್ಪಿ ಬಂದ ನಿರೂಪಕನಿಗೆ ಗೋಪಾಲಯ್ಯ ಆತಿಥ್ಯ ನೀಡುತ್ತಾರೆ. ಆ ಆತಿಥ್ಯದ ಹಿಂದೆ ಮನೆಬಿಟ್ಟು ಹೋದ ಮಗನ ನೆನಪಿದೆ, ಹಂಬಲವಿದೆ, ಅದು ನಿರಪೇಕ್ಷವೇನಲ್ಲ. ಆದರೂ ಅಲ್ಲಿ ಬಂದವನು ನೆಂಟ, ಗಿರಾಕಿಯಲ್ಲ. ಅದೇ ಕುಮಾರಪರ್ವತಕ್ಕೆ 2024ರ ಜನವರಿಯಲ್ಲಿ ಒಂದೇ ವಾರಾಂತ್ಯದಲ್ಲಿ ಸಾವಿರಾರು ಚಾರಣಿಗರು ನುಗ್ಗಿದಾಗ, ಮುಂಗಡ ನೋಂದಣಿ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅವರಲ್ಲಿ ದಾರಿ ತಪ್ಪುವ ಅವಕಾಶ ಯಾರಿಗೂ ಇರಲಿಲ್ಲ, ಅಷ್ಟು ಉದ್ದದ ಸಾಲು.

ನಿಯಂತ್ರಣದ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಹುಲಿ ಸಂರಕ್ಷಿತ ಪ್ರದೇಶಗಳ ತಿರುಳು ಭಾಗದಲ್ಲಿ ಪ್ರವಾಸೋದ್ಯಮವನ್ನು ಸರ್ವೋಚ್ಚ ನ್ಯಾಯಾಲಯ 2012ರ ಜುಲೈಯಲ್ಲಿ ತಡೆಹಿಡಿಯಿತು. ಅಕ್ಟೋಬರ್‌ನಲ್ಲಿ ಮಾರ್ಗಸೂಚಿಗಳೊಡನೆ ಅದನ್ನು ತೆರವುಗೊಳಿಸಿತು. ತಿರುಳು ಪ್ರದೇಶದ ಶೇಕಡ 20ಕ್ಕಿಂತ ಹೆಚ್ಚು ಭಾಗ ಪ್ರವಾಸಿಗರಿಗೆ ತೆರೆದಿರಬಾರದೆಂಬುದು ಅವುಗಳಲ್ಲೊಂದು. 2025ರ ನವೆಂಬರ್‌ನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ, ರೈತರ ಒತ್ತಾಯದ ನಡುವೆ ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಗಳ ಸಫಾರಿಯನ್ನು ಸ್ಥಗಿತಗೊಳಿಸಲು ಆದೇಶಿಸಿತು. ಸಫಾರಿಯಿಂದಲೇ ಹುಲಿ ಊರಿಗೆ ಬಂತೆಂಬುದು ವೈಜ್ಞಾನಿಕವಾಗಿ ಎಷ್ಟು ಸರಿಯೆಂಬುದು ಬೇರೆ ಚರ್ಚೆ. ನನಗೆ ಮುಖ್ಯವಾಗಿ ಕಂಡದ್ದು, ತೆರೆಯುವ ಮತ್ತು ಮುಚ್ಚುವ ಎರಡೂ ತೀರ್ಮಾನಗಳು ಕಾಡಿನವರ ಮನೆಯಿಂದ ಬಹಳ ದೂರದಲ್ಲಿ ಆಗುತ್ತವೆ ಎಂಬುದು. ತೆರೆದಾಗ ಹುಲಿ ತೋರಿಸಬೇಕಾದವರೂ ಮುಚ್ಚಿದಾಗ ಸಂಬಳ ಕಳೆದುಕೊಳ್ಳುವವರೂ ಅವರೇ. ಸಮುದಾಯ ಹಕ್ಕು ದೊರೆತ ಗ್ರಾಮಸಭೆಗಳಿಗೆ ತಮ್ಮ ಕಾಡನ್ನು ಸಂರಕ್ಷಿಸುವ, ನಿರ್ವಹಿಸುವ ಅಧಿಕಾರವನ್ನು ಕಾಯಿದೆ ಕೊಟ್ಟಿದೆ. ಯಾವ ಹಾದಿಯಲ್ಲಿ ಎಷ್ಟು ಜನ, ಯಾವ ತಿಂಗಳಲ್ಲಿ, ಯಾರ ಮಾತು ಕೇಳಿಕೊಂಡು ಹೋಗಬೇಕೆಂಬುದನ್ನು ಆ ಸಭೆಗಳೇ ತೀರ್ಮಾನಿಸಬೇಕು, ಆದಾಯವೂ ಮೊದಲು ಅಲ್ಲಿಗೆ ಬರಬೇಕು ಎಂಬುದು ನನ್ನ ನಿಲುವು. ಅದಾದರೆ ಪ್ರವಾಸೋದ್ಯಮ ಲಾಭದಾಯಕವಾಗಿ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಬಹುಶಃ ಇಷ್ಟೇ ಪ್ರಮಾಣದಲ್ಲಿ ಉಳಿಯಲಾರದು. ಆ ಕುಗ್ಗುವಿಕೆಯನ್ನು ನಾನು ನಷ್ಟವೆಂದು ಎಣಿಸುವುದಿಲ್ಲ.

ಸಂಸ್ಕೃತಿಯ ಪ್ರದರ್ಶನದ ವಿಷಯ ಇನ್ನಷ್ಟು ಸೂಕ್ಷ್ಮ. ರಾಗಿಯ ಹೊಸ ಬೆಳೆ ಬಂದಾಗ ನಡೆಯುವ ರೊಟ್ಟಿಹಬ್ಬದಲ್ಲಿ ಸೋಲಿಗರು ರಾತ್ರಿಯಿಡೀ ಗೊರುಕನ ಹಾಡಿ ಕುಣಿಯುತ್ತಾರೆ. ಬೆಟ್ಟದಾಚೆಯ ಖಾಸಗಿ ರೆಸಾರ್ಟೊಂದರಲ್ಲಿ ಊಟಕ್ಕೆ ಮೊದಲು ಅದೇ ಗೊರುಕನ ಇಪ್ಪತ್ತು ನಿಮಿಷಗಳಲ್ಲಿ ಮುಗಿದದ್ದನ್ನು ನಾನು ಕಂಡಿದ್ದೇನೆ. ಎಲೆಗಳ ಉಡುಪನ್ನು ರೆಸಾರ್ಟಿನವರೇ ಹೊಲಿಸಿದ್ದರು. ಹಾಡಿನಲ್ಲಿ ಬರುವ ಮರಗಳ, ಹಕ್ಕಿಗಳ ಸಾಲುಸಾಲು ಹೆಸರುಗಳು ಬಿಟ್ಟುಹೋಗಿ ಸೊಲ್ಲು ಮಾತ್ರ ಉಳಿದಿತ್ತು, ಏಕೆಂದರೆ ಪ್ರೇಕ್ಷಕರು ಚಪ್ಪಾಳೆ ತಟ್ಟಬಹುದಾದದ್ದು ಅದಕ್ಕೆ. ನನ್ನೊಳಗಿನ ಜಾನಪದ ವಿದ್ಯಾರ್ಥಿನಿ ಕೆರಳಿದಳು. ಮರುದಿನ ಕುಣಿದವರಲ್ಲೊಬ್ಬ ಹೆಂಗಸನ್ನು ಈ ಬಗ್ಗೆ ಕೇಳಿದಾಗ, ಅದು ಕೂಲಿ, ಹಬ್ಬದ್ದು ಹಬ್ಬ ಎಂದು ಅವರು ಸರಳವಾಗಿ ಹೇಳಿದರು. ಎರಡನ್ನೂ ಬೇರೆ ಇಟ್ಟುಕೊಳ್ಳುವ ಎಚ್ಚರ ಅವರಿಗಿದೆ. ಮುಂದಿನ ತಲೆಮಾರಿಗೂ ಇರುತ್ತದೆಯೇ? ರೆಸಾರ್ಟಿನಲ್ಲಿ ಕುಣಿಯುವ ಹುಡುಗಿಯರಲ್ಲಿ ಕೆಲವರಿಗೆ ಆಗಲೇ ಇಪ್ಪತ್ತು ನಿಮಿಷದ ರೂಪ ಮಾತ್ರ ಬರುತ್ತದೆ. ಆದರೆ ನನ್ನ ಕೆರಳಿಕೆಯೂ ಪ್ರಶ್ನಾತೀತವಲ್ಲ. ನಾನು ಧ್ವನಿಮುದ್ರಣ ಯಂತ್ರ ಹಿಡಿದು, ಹಬ್ಬವಲ್ಲದ ದಿನ, ಮಟಮಟ ಮಧ್ಯಾಹ್ನ ಗೊರುಕನ ಹಾಡಿಸಿಕೊಂಡವಳು. ಹಾಡಿದವರಿಗೆ ಆ ರೆಸಾರ್ಟು ಕೊಟ್ಟಷ್ಟು ಹಣವನ್ನೂ ಕೊಟ್ಟವಳಲ್ಲ.

ಇಲ್ಲಿಂದಲೇ ನಮ್ಮ ವಿಭಾಗಗಳ ಜವಾಬ್ದಾರಿಯ ಪ್ರಶ್ನೆ ಏಳುತ್ತದೆ. ನಾವು ಸಂಗ್ರಹಿಸಿದ ಹಾಡು, ಪುರಾಣ, ಸ್ಥಳನಾಮಗಳು ಪ್ರಬಂಧದ ಅನುಬಂಧಗಳಾಗಿ ಗ್ರಂಥಾಲಯ ಸೇರುತ್ತವೆ. ಅವು ಪೋಡಿಗೆ ಮರಳಿದ ನಿದರ್ಶನಗಳು ವಿರಳ. ಶಿಬಿರಗಳಲ್ಲಿ ಮಾರ್ಗದರ್ಶಿಗಳಿಗೆ ತರಬೇತಿ ಕೊಡುವಾಗ ಪಕ್ಷಿಗಳ ಇಂಗ್ಲಿಷ್ ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಸೋಲಿಗ ಹೆಸರುಗಳನ್ನು ಕಲಿಸುವ ಕೈಪಿಡಿ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಸೋಲಿಗ ಮಾರ್ಗದರ್ಶಿಯೊಬ್ಬ ತನ್ನ ಅಜ್ಜಿ ಇಟ್ಟ ಹೆಸರನ್ನು ಹೇಳಲು ನಾಚಿ ಪುಸ್ತಕದ ಹೆಸರನ್ನು ಹೇಳುವ ಸ್ಥಿತಿಗೆ ಕನ್ನಡ ವಿಭಾಗಗಳೂ ಹೊಣೆ. ಅಂತಹ ಕೈಪಿಡಿಯನ್ನು ಪೋಡಿನವರೊಡನೆ ಕುಳಿತು ಸಿದ್ಧಪಡಿಸುವುದು ನಮ್ಮಿಂದ ಆಗುವ ಕೆಲಸ. ಕೆ. ಗುಡಿಯ ಫಲಕದಲ್ಲಿ ಪೂರ್ಣ ಹೆಸರು ಬರೆಸುವುದೂ ಆಗದ ಕೆಲಸವಲ್ಲ.

ಆದರೆ ಹೆಸರುಗಳನ್ನೆಲ್ಲ ಬರೆದು ಪ್ರಕಟಿಸುವುದೇ ಉಪಕಾರವೆಂದು ತಿಳಿದಿದ್ದ ನನ್ನ ನಂಬಿಕೆ ಈಗ ಮೊದಲಿನಂತಿಲ್ಲ. ದೊಡ್ಡ ಸಂಪಿಗೆ ಇದಕ್ಕೆ ಉದಾಹರಣೆ. ಸೋಲಿಗರು ಪೂಜಿಸುವ ಆ ಹಳೆಯ ಮರದ ಹೆಸರು ಪುಸ್ತಕಗಳಲ್ಲಿ, ಭೂಪಟಗಳಲ್ಲಿ ಬಂದ ಮೇಲೆ ಅದು ಎಲ್ಲರೂ ನೋಡಲೇಬೇಕಾದ ಸ್ಥಳವಾಯಿತು. ನನ್ನ ಪ್ರಬಂಧದ ಎರಡನೆಯ ಅನುಬಂಧದಲ್ಲಿ ಯೆಲ್ಲೆಗಳ ಒಳಗಿನ ನೆಲೆಗಳ ಪಟ್ಟಿಯಿದೆ. ಹೆಸರು, ಕುಲ, ಪೋಡಿನಿಂದ ಇರುವ ದಿಕ್ಕು ಮತ್ತು ದೂರ, ಎಲ್ಲವನ್ನೂ ಶಾಸ್ತ್ರೀಯವಾಗಿ ದಾಖಲಿಸಿದ್ದೆ. ಕಳೆದ ಬೇಸಿಗೆಯಲ್ಲಿ ಕರಡನ್ನು ಪೋಡಿಗೆ ಕೊಂಡೊಯ್ದು ಓದಿ ಹೇಳಿದೆ. ತಾತನೊಬ್ಬರು ಕಣ್ಣು ಮುಚ್ಚಿ ಕೇಳುತ್ತಿದ್ದು, ಎರಡು ಕಡೆ ಉಚ್ಚಾರಣೆಯನ್ನು ತಿದ್ದಿದರು. ಒಂದು ಕಲ್ಲುಗುಡಿಯ ಮತ್ತು ಒಂದು ಅಬ್ಬಿಯ ಹೆಸರು ಬಂದಾಗ ಕೈ ಎತ್ತಿ ತಡೆದರು. ‘ಇವೆರಡ ಬುಟ್ಬುಡವ್ವ. ಬರುದ್ರೆ ಜೀಪು ಬತ್ತದೆ’ ಎಂದರು. ಮಾರ್ಗದರ್ಶಕರೊಡನೆ ಚರ್ಚಿಸಿದೆ. ದತ್ತಾಂಶ ಅಪೂರ್ಣವಾಗುತ್ತದೆ, ಮೌಲ್ಯಮಾಪಕರು ಕೇಳಬಹುದು ಎಂಬ ಆತಂಕ ಅವರಿಗಿತ್ತು; ನನಗೂ ಇತ್ತು. ಈಗ ಪಟ್ಟಿಯ ಆ ಎರಡು ಸಾಲುಗಳಲ್ಲಿ ಕ್ರಮಸಂಖ್ಯೆ ಮಾತ್ರ ಉಳಿದಿದೆ. ದಿಕ್ಕು ಮತ್ತು ದೂರದ ಅಂಕಣಗಳನ್ನು ಇಡೀ ಅನುಬಂಧದಿಂದಲೇ ತೆಗೆದಿದ್ದೇನೆ.